‘ಬಂತ್’ ಎಂದವಳು ನಾನು

ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ನನಗೆ ಹೇಳಿದ್ದು ಟೈಲರ್ ಅಕ್ಕ. ಆಗ ನಾನು ಕೊಕ್ಕರ್ಣೆಯ ಒಂದು ಮನೆಯ ಜಗಲಿಯಲ್ಲಿ ಕೂತು, ಒಬ್ಬ ಅಜ್ಜನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ನನ್ನ ಕೆಲಸವೇ ಅದು. ಬೆಳಿಗ್ಗೆ ಸ್ಕೂಟರ್ ಹತ್ತಿ ಮನೆಮನೆಗೆ ಹೋಗುವುದು, ಖಾಲಿ ಹೊಟ್ಟೆಯಲ್ಲಿ ಕಾದು ಕೂತವರಿಗೆ ಸೂಜಿ ಚುಚ್ಚುವುದು, ರಕ್ತವನ್ನು ಬ್ರಹ್ಮಾವರದ ಲ್ಯಾಬಿಗೆ ಮುಟ್ಟಿಸುವುದು.

“ಗ್ಯಾರೇಜಿನ ಅಣ್ಣಯ್ಯ ಹೋದ್ರಂಬ್ರ್ ಮಾರಾಯ್ತಿ. ಕಿರಿಮಂಜೇಶ್ವರದ ಮನೆಯಂಗೆ. ಮೊನ್ನೆಯೇ ಅಂಬ್ರ್” ಎಂದರು.

ಅಜ್ಜನಿಗೆ ಚುಚ್ಚಿ, ಹತ್ತಿ ಒತ್ತಿ, ಕೊಳವೆಗೆ ಹೆಸರು ಬರೆದು ಅಂಗಳಕ್ಕೆ ಬಂದೆ. ದುಃಖಕ್ಕಿಂತ ಮೊದಲು ನನಗೆ ನಾಚಿಕೆಯಾಯಿತು. ಅವರಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ವರ್ಷಗಟ್ಟಲೆ ಹೇಳದೆ ನುಂಗಿಕೊಂಡಿದ್ದೆ. ಅವರ ಗ್ಯಾರೇಜು ಮುಚ್ಚಿಹೋಗಲು ಅವರ ಕಣ್ಣು ಕಾರಣ ಎಂದು ಊರೆಲ್ಲ ಹೇಳುತ್ತದೆ. ನಿಜವಾದ ಕಾರಣ ನನ್ನ ಬಾಯಿ.

ಅವರ ಗ್ಯಾರೇಜು ಇದ್ದದ್ದು ಬ್ರಹ್ಮಾವರದಿಂದ ಕೊಕ್ಕರ್ಣೆ ಕಡೆಗೆ ಹೊರಟರೆ ಎಡಗಡೆ ಸಿಗುವ ಸಣ್ಣ ಅಂಗಡಿ ಸಾಲಿನಲ್ಲಿ, ಟೈಲರ್ ಅಕ್ಕನ ಅಂಗಡಿಯ ಪಕ್ಕ. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಸಿಮೆಂಟ್ ನೆಲ. ಬೋರ್ಡ್ ಇರಲಿಲ್ಲ. ಒಂದು ಬೋರ್ಡಾದರೂ ಬರೆಸಬಾರದೇ ಎಂದು ಕೇಳಿದರೆ, “ಗಾಡಿ ಹಾಳಾದವ ಬೋರ್ಡ್ ಓದ್ತನಾ ಅಕ್ಕ? ಅವ್ರಿವ್ರತ್ರ ಕೇಂಡ್ಕಂಡ್ ಬತ್ತ” ಎನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ.

ಅವರಿಗೆ ನನಗಿಂತ ಇಪ್ಪತ್ತು ವರ್ಷವಾದರೂ ಹೆಚ್ಚು. ಆದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. “ಅಲ್ದೇ ಅಣ್ಣಯ್ಯ, ನಾನ್ ನಿಮ್ಗಿಂತ ಎಷ್ಟ್ ಸಣ್ಣವಳ್! ಅಕ್ಕ ಅಂಬುದ್ ಎಂತಕೆ?” ಎಂದು ಒಂದು ದಿನ ರೇಗಿದೆ. “ಸೂಜಿ ಕೈಯಂಗ್ ಹಿಡ್ಕಂಡ್ ಬಪ್ಪವ್ರೆಲ್ಲ ನಂಗೆ ಅಕ್ಕನೇ” ಎಂದು ಕೈ ಮುಗಿದರು. ಸೂಜಿ ಎಂದರೆ ಅವರಿಗೆ ಅಷ್ಟು ಹೆದರಿಕೆ. ಸಕ್ಕರೆ ಕಾಯಿಲೆಯ ಮನುಷ್ಯ; ತಿಂಗಳಿಗೊಮ್ಮೆ ಅವರ ಸ್ಟೂಲಿನ ಮೇಲೆಯೇ ಕೂರಿಸಿ ರಕ್ತ ತೆಗೆಯುತ್ತಿದ್ದೆ. ಎಂಥ ಬಿಸಿ ಸೈಲೆನ್ಸರನ್ನೂ ಬರಿಗೈಯಲ್ಲಿ ಮುಟ್ಟುವವರು ಸೂಜಿ ಕಂಡರೆ ಮುಖ ರಸ್ತೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ರಿಪೋರ್ಟ್ ಕೊಟ್ಟು ನಾನು ಬೈದರೆ, “ಸಕ್ರಿ ಇಲ್ದೆ ಚಾ ಕುಡುಕೆ ನಾನ್ ಎಂತ ಪಾಪ ಮಾಡಿದ್ದೆ ಮಾರ್ರೆ?” ಎಂದು, ನನ್ನೆದುರೇ ಎರಡು ಚಮಚ ಹಾಕಿಸಿಕೊಂಡು ಕುಡಿದದ್ದೂ ಉಂಟು.

ಪ್ರಾಯದಲ್ಲಿ ಬೊಂಬಾಯಿಯಲ್ಲಿ ಕೆಲಸ ಕಲಿತವರು. ಅಲ್ಲಿಂದ ತಂದದ್ದು ಎರಡೇ ಶಬ್ದ: ‘ಆರಾಮ್ ಸೇ’. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರ್ ಹಾಕಿ, “ಆರಾಮ್ ಸೇ, ಆರಾಮ್ ಸೇ” ಎಂದು ಮಗುವಿಗೆ ಹೇಳಿದ ಹಾಗೆ ಹೇಳುವರು. ಬೋಲ್ಟಿಗೆ ಹಿಂದಿ ಬರುತ್ತದಾ ಎಂದು ಟೈಲರ್ ಅಕ್ಕ ಹೊಲಿಗೆ ಮಿಷನ್ನಿನ ಹಿಂದಿನಿಂದಲೇ ಕೆಣಕುವರು. “ಬೊಂಬಾಯಿ ಬೋಲ್ಟಿಗ್ ಬತ್ತಿತ್ತ್. ಇಲ್ಲಿನವ್ ಇನ್ನೂ ಸಮಾ ಕಲಿಲಿಲ್ಲ” ಎಂದು ಇವರ ಉತ್ತರ.

ಅವರು ಎಂಜಿನ್ ಬಿಚ್ಚುವುದನ್ನು ನೋಡುವುದೇ ಒಂದು ಚಂದ. ಗೋಡೆಯ ಹಳೆಯ ಕ್ಯಾಲೆಂಡರಿನ ಒಂದು ದೊಡ್ಡ ಹಾಳೆ ಹರಿದು ನೆಲಕ್ಕೆ ಹಾಸುವರು. ಮೊದಲು ಬಿಚ್ಚಿದ ಬೋಲ್ಟು ಒಂದನೇ ತಾರೀಕಿನ ಚೌಕದಲ್ಲಿ, ಎರಡನೆಯದು ಎರಡರಲ್ಲಿ. ತಿಂಗಳು ಮುಗಿದರೆ ಮುಂದಿನ ಹಾಳೆ. ಜೋಡಿಸುವಾಗ ಕೊನೆಯ ತಾರೀಕಿನಿಂದ ಹಿಂದಕ್ಕೆ ಬರುವುದು. “ಹ್ವಾಯ್, ನನ್ನ ಹದಿನೇಳನೇ ತಾರೀಕ್ ಯಾರ್ ತುಳ್ದದ್?” ಎಂದು ಅವರು ಕೂಗಿದರೆ ಅಂಗಡಿ ಸಾಲಿನವರೆಲ್ಲ ಬಗ್ಗಿ ಬೋಲ್ಟು ಹುಡುಕಬೇಕು. ಒಮ್ಮೆ ಅದು ನನ್ನ ಚಪ್ಪಲಿಯ ಅಡಿಗೆ ಅಂಟಿಕೊಂಡು ಲ್ಯಾಬಿಗೆ ಹೋಗಿ ಬಂದಿತ್ತು.

ಎಲ್ಲರೂ ಹೊಗಳುತ್ತಿದ್ದದ್ದು ಅವರ ಇನ್ನೊಂದು ಪದ್ಧತಿಯನ್ನು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ಕ್ಯಾಮಿನ ಟೈಮಿಂಗ್, ಎಂದರೆ ಮೇಲಿನ ಕೆಳಗಿನ ಚಕ್ರಗಳ ತಾಳ, ಕೂರಿಸುವಾಗ ಗಾಡಿಯ ಯಜಮಾನ ಎದುರಿಗೆ ಇರಲೇಬೇಕು. ಯಜಮಾನನ ಕೈಗೆ ಟಾರ್ಚ್ ಕೊಟ್ಟು, ಚಕ್ರದ ಗುರುತನ್ನು ಅವನಿಂದಲೇ ನೋಡಿಸುವರು. “ಕಾಣಿ, ಬಂತಾ?” ಎಂದು ಕೇಳುವರು. ಯಜಮಾನ ‘ಬಂತ್’ ಎಂದ ಮೇಲೆಯೇ ಚೈನ್ ಏರುವುದು. ಬೇರೆ ಮೆಕ್ಯಾನಿಕ್‌ಗಳು ಒಳಗೆ ಏನು ಮಾಡುತ್ತಾರೋ ದೇವರಿಗೇ ಗೊತ್ತು, ಇವರದು ಮಾತ್ರ ಕನ್ನಡಿಯ ಹಾಗೆ ಎಂದು ಜನ ಹೇಳುತ್ತಿದ್ದರು. ನಾನೂ ಲ್ಯಾಬಿಗೆ ಬಂದವರಿಗೆಲ್ಲ ಅದನ್ನೇ ಹೇಳಿ ಎಷ್ಟೋ ಗಾಡಿ ಅವರಲ್ಲಿಗೆ ಕಳಿಸಿದ್ದೆ.

ನನ್ನ ಸ್ಕೂಟರ್ ಹೊಗೆ ಬಿಡಲು ಶುರುಮಾಡಿದಾಗ ಅವರು ಎಂಜಿನ್ ಬಿಚ್ಚಿದರು. ಬ್ಲಾಕನ್ನು ಕುಂದಾಪುರಕ್ಕೆ ಕಳಿಸಿ ಬೋರ್ ಮಾಡಿಸಿ ತಂದರು. ಹೊಸ ಪಿಸ್ಟನ್, ಹೊಸ ರಿಂಗ್. ನಾಲ್ಕು ದಿನ ನಾನು ಬಸ್ಸಿನಲ್ಲಿ, ರಿಕ್ಷಾದಲ್ಲಿ ಪೆಟ್ಟಿಗೆ ಹೊತ್ತು ಅಲೆದು ಸಾಕಾಗಿದ್ದೆ. ಐದನೇ ದಿನ ಬೆಳಿಗ್ಗೆ, “ಬನ್ನಿ ಅಕ್ಕ, ಟೈಮಿಂಗ್ ಕೂರ್ಸುದ್ ಒಂದ್ ಬಾಕಿ” ಎಂದು ಫೋನ್ ಮಾಡಿದರು.

ನಾನು ಹೋಗುವಾಗಲೇ ಎಂಜಿನ್ನಿನ ಮೇಲ್ಭಾಗ ತೆರೆದಿತ್ತು. ಕೂರಿಸುವ ಮೊದಲು ಇದೆಲ್ಲ ಏನೆಂದು ಹೇಳಿಕೊಡುವುದೂ ಅವರ ಪದ್ಧತಿಯೇ. “ಕಾಣಿ, ಇಲ್ಲ್ ಎರಡ್ ಬಾಗ್ಲ್ ಇತ್ತ್. ಒಂದ್ ಪೆಟ್ರೋಲ್ ಗಾಳಿ ಒಳ್ಗ್ ಬಪ್ಪುಕೆ, ಒಂದ್ ಹೊಗಿ ಹೊರ್ಗ್ ಹೋಪುಕೆ. ಬಾಗ್ಲ್ ತೆಗುದ್ ಈ ಕ್ಯಾಮ್. ಪಿಸ್ಟನ್ ಆಡುದ್ ಕೆಳ್ಗೆ. ಕೆಳ್ಗಿಂದ್ ಎರಡ್ ಸುತ್ತ್ ಬಪ್ಪತಿಗೆ ಮೇಲಿಂದ್ ಒಂದ್ ಸುತ್ತ್. ಇಬ್ರಿಗೂ ನಡು ಈ ಚೈನ್. ಇವತ್ತ್ ಹ್ಯಾಂಗ್ ಕಟ್ತ್ವೋ, ಮತ್ತೆ ಹಾಂಗೇ ಸಂಸಾರ ಮಾಡ್ಕ್.”

ಕೆಳಗಿನ ಮ್ಯಾಗ್ನೆಟ್ ಚಕ್ರದ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರ, ಅದರ ಪಕ್ಕ ಕೂದಲಿನಂಥ ಒಂದು ಗೆರೆ. ಅದನ್ನು ನೋಡಲು ಹೆಬ್ಬೆರಳಿನಷ್ಟು ಅಗಲದ ಒಂದು ಕಿಂಡಿ. ಕಿಂಡಿಯ ನಡುವೆ ಒಂದು ಕಚ್ಚು. ಗೆರೆ ಆ ಕಚ್ಚಿನ ನೇರಕ್ಕೆ ನಿಂತರೆ ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಎಂದು ಲೆಕ್ಕ. ಆಗ ಮೇಲಿನ ಹಲ್ಲುಚಕ್ರದ ಎರಡು ಗೀರುಗಳು ಎಂಜಿನ್ನಿನ ತಲೆಭಾಗದ, ಅಂದರೆ ಹೆಡ್ಡಿನ, ಅಂಚಿಗೆ ಸಮನಾಗಿರುವಂತೆ ಹಿಡಿದು ಚೈನ್ ಏರಿಸಬೇಕು. ಮೇಲಿನ ಗೀರುಗಳನ್ನು ಅವರು ಹೆಬ್ಬೆರಳ ಉಗುರಿನಲ್ಲೇ ಸವರಿ ನೋಡುತ್ತಿದ್ದರು. ಕಿಂಡಿಯೊಳಗಿನ ಗೆರೆಗೆ ಮಾತ್ರ ಬೆರಳು ಹೋಗುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಟಾರ್ಚ್ ಹಿಡಿದು ಬಗ್ಗಿದೆ. ಅಷ್ಟರಲ್ಲಿ ನನ್ನ ಫೋನು. ಕೊಕ್ಕರ್ಣೆ ಕಡೆಯ ಒಬ್ಬ ಅಜ್ಜಿ, ರಾತ್ರಿಯ ಊಟದ ನಂತರ ನೀರು ಬಿಟ್ಟು ಏನೂ ಮುಟ್ಟದೆ ಕೂತವರು. “ಎಲ್ಲಿದ್ರಿ? ನಂಗೆ ತಲಿ ತಿರುಗ್ತಾ ಇತ್ತ್” ಎಂದರು. “ಬಂದೆ ಅಮ್ಮ, ಬಂದೇಬಿಟ್ಟೆ” ಎಂದೆ, ಇನ್ನೂ ಬ್ರಹ್ಮಾವರದಲ್ಲೇ ನೆಲಕ್ಕೆ ಮೊಣಕಾಲೂರಿ ಕೂತುಕೊಂಡು. ಅಣ್ಣಯ್ಯ ನಿಧಾನಕ್ಕೆ ಚಕ್ರ ತಿರುಗಿಸುತ್ತಿದ್ದರು. ಕಿಂಡಿಯ ಅಂಚಿನಲ್ಲಿ ಗೆರೆ ಇಣುಕಿತು.

“ಬಂತಾ?”

“ಬಂತ್.”

ಅವರ ಕೈ ಅಲ್ಲೇ ನಿಂತಿತು. ಉಗುರಿನಿಂದ ಮೇಲಿನ ಗೀರು ಸವರಿದರು, ಚೈನ್ ಏರಿಸಿದರು, ಬೋಲ್ಟು ಬಿಗಿದರು. ಎರಡು ಸುತ್ತು ಕೈಯಲ್ಲೇ ತಿರುಗಿಸಿ ಮತ್ತೆ ಕೇಳಿದರು: “ಬಂತಾ?” ಗೆರೆ ಮತ್ತೆ ಅದೇ ಅಂಚಿನಲ್ಲಿ ಇಣುಕಿತು. ನಾನು ಮತ್ತೆ ‘ಬಂತ್’ ಎಂದೆ. ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದೆನಲ್ಲ, ನನಗೆ ಅನುಮಾನವೇ ಬರಲಿಲ್ಲ.

ಎಲ್ಲ ಮುಚ್ಚಿ ಸೆಲ್ಫ್ ಒತ್ತಿದರೆ ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅಣ್ಣಯ್ಯ ಕುತ್ತಿಗೆ ಓರೆ ಮಾಡಿ ಕಿವಿಗೊಟ್ಟರು. ಮುಖ ಸಣ್ಣದಾಯಿತು.

“ಅಕ್ಕ, ಶಬ್ದ ಸಮಾ ಇಲ್ಲೆ. ಇನ್ನೊಂದ್ ಸರ್ತಿ ಬಿಚ್ಚುವ.”

“ಎಂತ ಬಿಚ್ಚುದ್ ಅಣ್ಣಯ್ಯ? ಅಲ್ಲಿ ಜನ ಹಸ್ಕಂಡ್ ಸಾಯ್ತಾ ಇದ್ರ್! ನಾನೇ ಕಂಡಿದೆ ಅಲ್ದಾ, ಸರಿ ಇತ್ತ್” ಎಂದು ಅವರ ಕೈಯಿಂದ ಕೀಲಿಯನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಹೊರಟೆ.

ಅಜ್ಜಿಯದೂ ಸೇರಿ ಒಂಬತ್ತು ಮನೆ ಮುಗಿಸಿದೆ. ಗಾಡಿಗೆ ಎಳೆಯುವ ಶಕ್ತಿಯೇ ಇರಲಿಲ್ಲ. ಹಿಂದೆ ಬರುವಾಗ ಏರಿನಲ್ಲಿ ಪಟಪಟ ಎಂದು ನಿಂತದ್ದು, ಮತ್ತೆ ಹಿಡಿಯಲಿಲ್ಲ. ಬಿಸಿಲಲ್ಲಿ ತಾಸುಗಟ್ಟಲೆ ನಿಂತು, ಒಂದು ಗೂಡ್ಸ್ ಟೆಂಪೋಗೆ ಕೈ ತೋರಿಸಿ ಸ್ಕೂಟರ್ ಏರಿಸಿ ತರುವಷ್ಟರಲ್ಲಿ ಪೆಟ್ಟಿಗೆಯ ಐಸ್ ಕರಗಿ, ಒಂಬತ್ತು ಜನರ ರಕ್ತವೂ ಕೆಟ್ಟಿತ್ತು. ಅಷ್ಟೂ ಜನ ಮತ್ತೆ ಉಪವಾಸ ಕೂರಬೇಕು. ಲ್ಯಾಬಿನಲ್ಲಿ ನನಗೆ ಮಂಗಳಾರತಿಯಾಯಿತು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನೇರ ಗ್ಯಾರೇಜಿಗೆ ಹೋದೆ.

“ಕಣ್ಣ್ ಕಾಣ್ದಿದ್ರೆ ಎಂಜಿನ್ ಎಂತಕ್ ಬಿಚ್ಚುದ್ ನೀವ್? ಮನೆಂಗ್ ಕೂಕಣಿ!”

ಟೈಲರ್ ಅಕ್ಕ ಮಿಷನ್ ನಿಲ್ಲಿಸಿದರು. ಚಾ ಕುಡಿಯುತ್ತಿದ್ದ ನಾಲ್ಕೈದು ಮಂದಿ ಎದ್ದು ನಿಂತರು. ಕಣ್ಣು ಕಾಣುವುದಿಲ್ಲವೇ ಎನ್ನುವುದು ನಮ್ಮಲ್ಲಿ ಬಾಯಿಗೆ ಬರುವ ಬೈಗುಳ, ಅಷ್ಟೇ. ರಸ್ತೆಯಲ್ಲಿ ಅಡ್ಡ ಬಂದವರಿಗೆಲ್ಲ ಹೇಳುತ್ತೇವೆ. ಆದರೆ ಅಣ್ಣಯ್ಯನ ಮುಖ ನೋಡಿದಾಗ ನನಗೆ ಗೊತ್ತಾಯಿತು. ಅವರಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಯಜಮಾನನ ಕೈಗೆ ಟಾರ್ಚ್ ಕೊಡುತ್ತಿದ್ದದ್ದು ಪ್ರಾಮಾಣಿಕತೆ ತೋರಿಸಲಿಕ್ಕಲ್ಲ. ಸಕ್ಕರೆ ಅವರ ಕಣ್ಣನ್ನು ತಿಂದು, ಸಣ್ಣ ಗೆರೆ ಕಾಣುವುದು ನಿಂತು ಎಷ್ಟೋ ಕಾಲವಾಗಿತ್ತು. ತಿಂಗಳು ತಿಂಗಳು ಅವರ ರಿಪೋರ್ಟ್ ಓದುತ್ತಿದ್ದ ನನಗೆ, ಪ್ರಪಂಚದಲ್ಲಿ ಬೇರೆ ಯಾರಿಗಿಲ್ಲದಿದ್ದರೂ ನನಗೆ, ಅದು ಹೊಳೆಯಬೇಕಿತ್ತು.

ಅವರು ಒಂದೇ ಮಾತು ಹೇಳಿದರು. “ತಪ್ಪ್ ನಂದೇ ಅಕ್ಕ. ಕೂಕಣಿ, ಈಗಳೇ ಮಾಡಿ ಕೊಡ್ತೆ.”

ಮತ್ತೆ ಕ್ಯಾಲೆಂಡರ್ ಹಾಸಿದರು. ಬಿಚ್ಚಿ ನೋಡಿದರೆ ಬೇರೇನೂ ಕೆಟ್ಟಿರಲಿಲ್ಲ, ಚೈನ್ ಒಂದು ಹಲ್ಲು ಆಚೆ ಕೂತಿತ್ತು. ಅದನ್ನು ಬೆರಳಲ್ಲಿ ಎಣಿಸಿ, ಮತ್ತೊಮ್ಮೆ ಎಣಿಸಿದರು. ಆಮೇಲೆ ಟಾರ್ಚನ್ನು ನನ್ನ ಕೈಗೆ ಕೊಡಲಿಲ್ಲ. ಟೈಲರ್ ಅಕ್ಕನನ್ನು ಕರೆದರು. ಚಕ್ರ ತಿರುಗಿಸುತ್ತ, ಅಣ್ಣಯ್ಯ ತಮ್ಮ ಬಾಯಿಂದ ಅದುವರೆಗೆ ನಾನು ಕೇಳಿರದ ಒಂದು ಪ್ರಶ್ನೆ ಕೇಳಿದರು.

“ಅಕ್ಕ, ಗೆರಿ ಬಂತಾ, ಬಪ್ಪುದಾ?”

“ಬಪ್ಪುದ್... ಬಪ್ಪುದ್... ತಡೀನಿ... ಹಾಂ, ಈಗ ಬಂತ್.”

ನಾನು ಹಿಂದಿನಿಂದ ಬಗ್ಗಿ ನೋಡಿದೆ. ಗೆರೆ ಕಿಂಡಿಯ ನಟ್ಟನಡುವೆ, ಕಚ್ಚಿನ ನೇರಕ್ಕೆ ನಿಂತಿತ್ತು. ಬೆಳಿಗ್ಗೆ ನಾನು ‘ಬಂತ್’ ಎಂದಾಗ ಅದು ಅಂಚಿನಲ್ಲಿತ್ತು.

ನಮ್ಮ ಕಡೆಯವರ ಬಾಯಿಯೇ ಹಾಗೆ. ಬಸ್ಸು ದೂರದ ತಿರುವಿನಲ್ಲಿ ಮೂಗು ತೋರಿಸಿದರೆ ಸಾಕು, ‘ಬಂತ್ ಬಂತ್’ ಎಂದು ಚೀಲ ಎತ್ತಿಕೊಳ್ಳುತ್ತೇವೆ. ಸ್ನಾನಕ್ಕೆ ನೀರು ಕಾಯಿಸುತ್ತ ಫೋನಿನಲ್ಲಿ ‘ಬಂದೆ’ ಎನ್ನುತ್ತೇವೆ. ಕಣ್ಣಿಗೆ ಬಿದ್ದದ್ದೆಲ್ಲ ನಮಗೆ ಬಂದ ಹಾಗೆಯೇ. ಅವರೂ ಇದೇ ಊರುಗಳವರು. ಒಂದು ಹಲ್ಲು ಎಲ್ಲಿ ತಪ್ಪಿತು, ಯಾವ ಮಾತಿನಲ್ಲಿ ತಪ್ಪಿತು ಎಂದು ಎಣಿಸಿದ ಕೂಡಲೇ ತಿಳಿದಿರಬೇಕು. ಅದಕ್ಕೇ ಪ್ರಶ್ನೆ ಬದಲಿಸಿದರು: ಬಂದು ನಿಂತಿದೆಯೋ, ಇನ್ನೂ ಬರುತ್ತಿದೆಯೋ ಎಂದು. ಆ ನಾಲ್ಕೈದು ಮಂದಿ ಇನ್ನೂ ಅಲ್ಲೇ ನಿಂತಿದ್ದರು. ಅವರ ಎದುರು ‘ಈ ಹೆಂಗಸು ತಪ್ಪು ಹೇಳಿದಳು’ ಎಂದು ಅಣ್ಣಯ್ಯ ಹೇಳಬಹುದಿತ್ತು. ಹೇಳಲಿಲ್ಲ. ‘ತಪ್ಪು ನನ್ನದು’ ಎಂದು ನಾನೂ ಹೇಳಬಹುದಿತ್ತು. ಅಷ್ಟು ಹೊತ್ತು ಬಾಯಿಗೆ ಬಂದಂತೆ ಬೈದ ನನಗೆ ಆಗ ನಾಲಗೆಯೇ ಬಿದ್ದುಹೋಗಿತ್ತು. ಎಂಜಿನ್ ಈ ಸಲ ಒಂದೇ ಒತ್ತಿಗೆ ಹಿಡಿಯಿತು. ಕೀಲಿ ತೆಗೆದುಕೊಂಡು, ತಲೆ ತಗ್ಗಿಸಿ ಹೊರಟುಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ವಾರದೊಳಗೆ ಬ್ರಹ್ಮಾವರದಿಂದ ಕೊಕ್ಕರ್ಣೆ ಮುಟ್ಟಿತು. ಗ್ಯಾರೇಜಿನವರಿಗೆ ಕಣ್ಣು ಕಾಣುವುದಿಲ್ಲವಂತೆ, ಗಾಡಿ ಕೊಡಬೇಡಿ. ನಾನು ಕಳಿಸಿದ್ದ ಗಾಡಿಗಳೂ ನಿಂತವು. ಪಂಕ್ಚರ್ ಹಾಕಿಸಲು ಒಬ್ಬಿಬ್ಬರು ಬರುತ್ತಿದ್ದರು, ಎಂಜಿನ್ ಬಿಚ್ಚಲು ಯಾರೂ ಇಲ್ಲ. ಮಳೆಗಾಲಕ್ಕೆ ಮೊದಲು ಅವರು ಬಾಗಿಲು ಹಾಕಿ, ಕಿರಿಮಂಜೇಶ್ವರದ ತಮ್ಮ ಮನೆಗೆ ಹೋಗಿಬಿಟ್ಟರು.

ನಡುವೆ ಒಮ್ಮೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕಣ್ಣಿನ ಆಸ್ಪತ್ರೆಗೆ ಬಂದಿದ್ದರು. ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಮುಖ ನನ್ನ ಕಡೆ ತಿರುಗಿಸಿ, “ಸೂಜಿ ಅಕ್ಕ ಅಲ್ದಾ? ಎಂಜಿನ್ ಸಮಾ ಕೂಕಂಡಿತ್ತ್” ಎಂದು ನಕ್ಕರು. ಅಲ್ಲೇ ಹೇಳಿಬಿಡಬೇಕು ಎಂದುಕೊಂಡೆ. ಬೈಂದೂರು ಬಸ್ಸು ಬಂತು. ಬೋರ್ಡ್ ಓದಿ ಹೇಳಿ, ಕೈ ಹಿಡಿದು ಹತ್ತಿಸಿದೆ. ಆಮೇಲೆ ಫೋನ್ ಮಾಡುತ್ತಿದ್ದೆ. ಸಕ್ಕರೆ ಎಷ್ಟಿದೆ ಎಂದು ಕೇಳುವೆ, ಗಾಡಿ ಹೇಗಿದೆ ಎಂದು ಅವರು ಕೇಳುವರು. ಮಾತು ಗಂಟಲಿನವರೆಗೆ ಬರುವುದು, ಬಾಯಿ ತೆರೆದರೆ “ಊಟ ಆಯ್ತಾ ಅಣ್ಣಯ್ಯ?” ಎಂದೇ ಹೊರಡುವುದು. ಹೆದರುಪುಕ್ಕಲಿ ನಾನು. ಸೂಜಿಗೆ ಹೆದರುತ್ತಾರೆ ಎಂದು ಅವರನ್ನು ನಗೆಯಾಡಿದವಳು.

ಸುದ್ದಿ ಕೇಳಿದ ಮರುದಿನ ಕಿರಿಮಂಜೇಶ್ವರಕ್ಕೆ ಹೋದೆ. ಅವರ ಹೆಂಡತಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬ್ರಹ್ಮಾವರದ ಲ್ಯಾಬಿನವಳು ಎಂದೊಡನೆ, “ಹೋ, ಸೂಜಿ ಅಕ್ಕನಾ? ನಿಮ್ ಸುದ್ದಿ ಹೇಳಿ ಹೇಳಿ ನೆಗಾಡ್ತಿದ್ರ್” ಎಂದು ಚಾಪೆ ಹಾಸಿದರು. ನೀರು, ಬೆಲ್ಲ ತಂದಿಟ್ಟರು. ಬೇರೆ ಬಂದವರೆಲ್ಲ ಹೋಗಿದ್ದರು.

“ಕಣ್ಣಿಗ್ ತೋರ್ಸಿ, ಕಣ್ಣಿಗ್ ತೋರ್ಸಿ ಅಂದ್ ಹೇಳಿ ನಂಗ್ ಸಾಕಾಯ್ತ್ ತಂಗಿ. ಕೇಂಡ್ರಾ? ಇಲ್ಲ. ಕಾಣ್ದಿದ್ ಕಣ್ಣಂಗೆ ಯಾರೋ ಪಾಪದ್ ಹೆಂಗ್ಸಿನ್ ಗಾಡಿ ಹಾಳ್ ಮಾಡಿ, ಊರೆದ್ರ್ ಮರ್ಯಾದಿ ಕಳ್ಕಂಡ್ ಬಂದ್ರ್. ಯಾರಂತ ಕೇಂಡ್ರೆ ಅದನ್ನೂ ಹೇಳ್ಲಿಲ್ಲ.”

ಆ ಹೆಂಗಸು ಯಾರೆಂದು ಮನೆಯಲ್ಲಿಯೂ ಅವರು ಬಾಯಿ ಬಿಟ್ಟಿರಲಿಲ್ಲ. ಇನ್ನು ತಡೆಯಲಾಗಲಿಲ್ಲ. “ಅತ್ತಿಗೆ, ಅದ್ ನಾನೇ” ಎಂದೆ. ಕಿಂಡಿ, ಗೆರೆ, ಅಜ್ಜಿಯ ಫೋನು, ನಾನು ಎರಡು ಸಲ ‘ಬಂತ್’ ಎಂದದ್ದು, ಶಬ್ದ ಸರಿಯಿಲ್ಲ ಎಂದು ಅವರು ಹೇಳಿದರೂ ಕೀಲಿ ಕಿತ್ತುಕೊಂಡದ್ದು, ಆಮೇಲೆ ಅಷ್ಟು ಜನರೆದುರು ಬೈದದ್ದು, ತಪ್ಪು ತಿಳಿದ ಮೇಲೂ ಸುಮ್ಮನಿದ್ದದ್ದು, ಒಂದೂ ಬಿಡದೆ ಹೇಳಿದೆ. ಅವರ ಕಣ್ಣಿನಿಂದ ಕೆಟ್ಟದ್ದಲ್ಲ, ನನ್ನ ಮಾತಿನಿಂದ ಕೆಟ್ಟದ್ದು ಎಂದೆ. ಹೇಳುತ್ತ ಅಳು ಬಂತು. ಹೇಳಿ ಮುಗಿದಾಗ, ನಾಚಿಕೆ ಬಿಟ್ಟು ಬರೆಯುತ್ತೇನೆ, ಎದೆ ಸ್ವಲ್ಪ ಹಗುರವೂ ಆಯಿತು.

ಅತ್ತಿಗೆ ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ನಾನ್ ಅವ್ರಿಗ್ ದಿನಾ ಬೈದಿದೆ ತಂಗಿ” ಎಂದರು. “ಉಂಬುಕ್ ಕೂಕಂಡಲ್ಲೂ ಬೈದಿದೆ. ಕಣ್ಣ್ ಕಾಣ್ದವ್ರಿಗೆ ಗರ್ವ ಎಂತಕ್ ಅಂದಿದೆ. ಅವ್ರ್ ಹೋಪು ಹಿಂದಿನ್ ದಿನವೂ ಅಂದಿದೆ. ಒಂದಿನ ತಿರ್ಗ್ಸಿ ಮಾತಾಡ್ಲಿಲ್ಲ.”

ನಾನು ಅವರ ಕೈ ಹಿಡಿಯಲು ಹೋದೆ. ಅವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

“ನಿಮ್ಗ್ ಹೇಳ್ಕಂಬುಕೆ ನಾನಾದ್ರೂ ಸಿಕ್ಕಿದೆ. ನಾನೀಗ ಯಾರ್ ಹತ್ರ ಹೋಯಿ ಹೇಳ್ಲಿ?”